ಸಾಲದ ಹಂಗು, ಸರ್ಕಾರದ ನಂಬಿಕೆ

1776ರ ಆಗಸ್ಟ್‌ನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಪಿಗಟ್‌ನನ್ನು ಸೆರೆಯಿಟ್ಟದ್ದು ಈಗಿನ ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿ. ಹಾಗೆ ಮಾಡಿದವರು ಅವನದೇ ಕೌನ್ಸಿಲಿನ ಸದಸ್ಯರು. ಜಗಳದ ಬೇರು ಸಾಲ. ಆರ್ಕಾಟಿನ ನವಾಬ ಮಹಮ್ಮದ್ ಅಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರಿಂದಲೇ ಬಡ್ಡಿಗೆ ಹಣ ಎತ್ತುತ್ತಿದ್ದ. ತಂಜಾವೂರಿನ ಕಂದಾಯವನ್ನೇ ತನಗೆ ಬರೆದುಕೊಟ್ಟಿದ್ದಾನೆಂದು ಪಾಲ್ ಬೆನ್‌ಫೀಲ್ಡ್ ಎಂಬ ನೌಕರ ಪಟ್ಟು ಹಿಡಿದ. ಅವನು ಮುಂದಿಟ್ಟ ಒಟ್ಟು ಬಾಕಿ 2 ಲಕ್ಷ 30 ಸಾವಿರ ಪೌಂಡಿಗೂ ಹೆಚ್ಚು. ತಂಜಾವೂರನ್ನು ಅದರ ರಾಜನಿಗೆ ಮರಳಿಸಿದ ಪಿಗಟ್ ಈ ಲೆಕ್ಕ ಒಪ್ಪಲಿಲ್ಲ. ಅಧಿಕಾರ ಹೋಯಿತು, 1777ರಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡ. ಖಾಸಗಿ ಸಾಲದ ಹಂಗು ಸರ್ಕಾರದ ಕೈಯನ್ನೇ ಕಟ್ಟಿಹಾಕಿತ್ತು.

ನೌಕರನ ಸಾಲದ ಮೇಲೆ ಸರ್ಕಾರ ಕಣ್ಣಿಡಲು ಕಾರಣ ಈ ಹಂಗು. ಸಾಲದ ಮೊತ್ತ ಆಮೇಲಿನ ಮಾತು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು ಇದನ್ನು ಚೆನ್ನಾಗಿ ಬಲ್ಲವು. ಕಚೇರಿ ಕೆಲಸದಲ್ಲಿ ಎದುರಾಗಬಹುದಾದವರಿಂದ ನೌಕರ ಸಾಲ ಪಡೆಯಕೂಡದು ಎನ್ನುತ್ತದೆ 16ನೇ ನಿಯಮ. ಸಾಲ ವಸೂಲಿಗೆ ದಾವೆ ಬಿದ್ದರೆ ಒಡನೆ ಸರ್ಕಾರಕ್ಕೆ ತಿಳಿಸಬೇಕು ಎನ್ನುತ್ತದೆ 17ನೇ ನಿಯಮ. ಸಾಲ ದುಂದುಗಾರಿಕೆಯಿಂದ ಬಂದದ್ದಲ್ಲ, ತನ್ನ ಕೈಮೀರಿದ ಕಾರಣದಿಂದ ಬಂದದ್ದು ಎಂದು ತೋರಿಸುವ ಹೊಣೆ ನೌಕರನದು. ಹೊಣೆ ಭಾರವೇ ಸರಿ, ಆದರೆ ಬಾಯಿ ಬಿಡಲು ಅವಕಾಶವಂತೂ ಇದೆ. ಗುಪ್ತ ಕಡತ ನೋಡುವವರಿಗೆ ಭದ್ರತಾ ಅನುಮತಿ ಕೊಡುವ ಮುನ್ನ ಅಮೆರಿಕ ಬಳಸುವ 13 ಮಾನದಂಡಗಳಲ್ಲಿ ಹಣಕಾಸಿನ ಸ್ಥಿತಿಯೂ ಒಂದು. ಅಲ್ಲಿಯೂ ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನದಂಥ ಕಾರಣಗಳನ್ನು ಪರಿಗಣಿಸುತ್ತಾರೆ.

ತನ್ನ ಮನೆಯ ಲೆಕ್ಕ ನೋಡಿಕೊಳ್ಳಲಾರದವನಿಗೆ ಸಾರ್ವಜನಿಕರ ಹಣವನ್ನೋ ಗುಟ್ಟನ್ನೋ ಹೇಗೆ ಒಪ್ಪಿಸುವುದು ಎಂಬ ಆಕ್ಷೇಪವಿದೆ. 2025ರಲ್ಲಿ ಮದ್ರಾಸ್ ಹೈಕೋರ್ಟ್ ಹೆಚ್ಚುಕಡಿಮೆ ಈ ಮಾತನ್ನೇ ಎತ್ತಿಹಿಡಿಯಿತು. ಸಾಲ ತೀರಿಸಿದ ದಾಖಲೆ ತೋರಿಸುವ ಸಿಬಿಲ್ ವರದಿ ಸರಿಯಿಲ್ಲವೆಂದು ಸ್ಟೇಟ್ ಬ್ಯಾಂಕ್ ಅಭ್ಯರ್ಥಿಯೊಬ್ಬರ ನೇಮಕಾತಿ ರದ್ದು ಮಾಡಿತ್ತು. ಅರ್ಜಿ ಕರೆಯುವ ಹೊತ್ತಿಗೇ ಸಾಲವೆಲ್ಲ ತೀರಿಸಿದ್ದೆ ಎಂಬ ಅವರ ವಾದ ನಿಲ್ಲಲಿಲ್ಲ. ನೇಮಕಾತಿ ಅಧಿಸೂಚನೆಯಲ್ಲೇ ಈ ಬಗ್ಗೆ ಷರತ್ತಿದ್ದುದರಿಂದ ಕಾನೂನಿನ ಪ್ರಕಾರ ಬ್ಯಾಂಕಿನದು ತಪ್ಪಲ್ಲ. ಆದರೆ ತೀರಿದ ಸಾಲಕ್ಕೆ ಯಾರ ಹಂಗೂ ಉಳಿದಿರುವುದಿಲ್ಲ. ಹಳೆಯ ಬಾಕಿ ವ್ಯಕ್ತಿಯ ಚಾಳಿಯನ್ನು ತೋರಿಸುತ್ತದೆ ಎನ್ನಬಹುದು, ತೋರಿಸಲೂಬಹುದು. ಅದು ಚಾಳಿಯೋ ಸಂಕಟವೋ ಎಂಬುದನ್ನು ಸಿಬಿಲ್ ಅಂಕ ಹೇಳಲಾರದು, ಕೇಳಿಯೇ ತಿಳಿಯಬೇಕು. ಸೇವೆಯಲ್ಲಿರುವವರಿಗೆ 17ನೇ ನಿಯಮ ಕೊಟ್ಟಿರುವ ವಿವರಣೆಯ ಅವಕಾಶ ಸೇವೆಯ ಬಾಗಿಲಲ್ಲಿ ನಿಂತವರಿಗೂ ಸಿಗಬೇಕು.