ಮೆತ್ತೆಯ ಅಗ್ನಿಪರೀಕ್ಷೆ: ವಿಮಾನದ ಆಸನಕ್ಕೊಂದು ಬರ್ನರ್ ರೂಪುಗೊಂಡ ಬಗೆ

ವಿಮಾನಯಾನದ ಚರಿತ್ರೆಯನ್ನು ಬರೆದವರು ಎಂಜಿನ್, ರೆಕ್ಕೆ, ಕಪ್ಪುಪೆಟ್ಟಿಗೆಗಳಿಗೆ ಕೊಟ್ಟ ಗಮನವನ್ನು ಆಸನದ ಮೆತ್ತೆಗೆ ಕೊಟ್ಟಿಲ್ಲ. ಆ ಮೆತ್ತೆಯನ್ನು ಸುಟ್ಟು ಪರೀಕ್ಷಿಸುವ ಬರ್ನರ್ ಅಂತೂ ತಾಂತ್ರಿಕ ಕೈಪಿಡಿಗಳ ಆಚೆಗೆ ಬಂದದ್ದೇ ವಿರಳ. ನೆಲಕ್ಕಿಳಿದು ಉರಿಯುತ್ತಿರುವ ವಿಮಾನದಿಂದ ಹೊರಬರಲು ಪ್ರಯಾಣಿಕರಿಗೆ ದೊರೆಯುವ ಸೆಕೆಂಡುಗಳ ಲೆಕ್ಕದಲ್ಲಿ ಈ ಉಪಕರಣಕ್ಕೆ ಪಾಲಿದೆ. ಒಂದೇ ಬಗೆಯ ಜ್ವಾಲೆಯನ್ನು ಎರಡು ಕಡೆ ಹೊತ್ತಿಸುವುದು ಎಷ್ಟು ಕಷ್ಟ ಎಂಬುದೇ ಇದರ ಚರಿತ್ರೆಯ ಮುಖ್ಯ ಎಳೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು 1972ರಲ್ಲಿ ಬಿಗಿಗೊಳಿಸಿದ ನಿಯಮದಂತೆ, ಲಂಬವಾಗಿ ತೂಗುಹಾಕಿದ ವಸ್ತುವಿನ ತುಂಡಿಗೆ ಬನ್ಸನ್ ಬರ್ನರಿನ ಜ್ವಾಲೆಯನ್ನು 12 ಸೆಕೆಂಡು ಹಿಡಿಯಲಾಗುತ್ತಿತ್ತು. ಜ್ವಾಲೆಯನ್ನು ತೆಗೆದ ಮೇಲೆ ಅದು ತಾನಾಗಿ ಆರಬೇಕಿತ್ತು. ಬಿದ್ದ ಸಿಗರೇಟು, ಬೆಂಕಿಕಡ್ಡಿಗಳಂಥ ಕಿಡಿಗಳ ಮಟ್ಟಿಗೆ ಈ ಪರೀಕ್ಷೆ ಸಾಕಾಗಿತ್ತು. ಅಪಘಾತದಲ್ಲಿ ಚೆಲ್ಲಿದ ಇಂಧನವು ವಿಮಾನದ ಮಗ್ಗುಲಲ್ಲೇ ಹೊತ್ತಿಕೊಂಡಾಗ ಪಾಲಿಯುರಿಥೇನ್ ಫೋಮು ಹೇಗೆ ವರ್ತಿಸುತ್ತದೆ ಎಂಬುದನ್ನು ಅದು ತಿಳಿಸುತ್ತಿರಲಿಲ್ಲ. ಮೇಲ್ಬಟ್ಟೆ ಸೀಳಿದೊಡನೆ ಫೋಮು ಕರಗಿ, ಉರಿಯುವ ಅನಿಲಗಳನ್ನು ಹೊರಬಿಡುತ್ತದೆ. ಅವು ಚಾವಣಿಯಡಿ ಸೇರಿ ಒಮ್ಮೆಗೇ ಭುಗಿಲೇಳುತ್ತವೆ.

ಈ ಸಮಸ್ಯೆಯನ್ನು ಪರಿಶೀಲಿಸಲು 1978ರಲ್ಲಿ ಒಂದು ಸಲಹಾ ಸಮಿತಿ ರಚನೆಯಾಯಿತು. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯ ಬಳಿಯಿರುವ ತಾಂತ್ರಿಕ ಕೇಂದ್ರದಲ್ಲಿ ಸಿ-133 ಸರಕು ವಿಮಾನದ ಒಡಲನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ಅದರ ಪಕ್ಕದಲ್ಲಿ ಇಂಧನವನ್ನು ಉರಿಸಿ ಅಳೆಯಲಾಯಿತು. ಫೋಮನ್ನು ಬೆಂಕಿತಡೆ ಪದರದಿಂದ ಸುತ್ತಿದ ಆಸನಗಳು ಪಾರಾಗುವ ಅವಧಿಯನ್ನು 40ರಿಂದ 60 ಸೆಕೆಂಡುಗಳಷ್ಟು ಹೆಚ್ಚಿಸಬಲ್ಲವೆಂದು ಕಂಡುಬಂತು. ಈ ಅಂಕಿ ಅಲ್ಪವೆನಿಸಬಹುದು. 1983ರ ಜೂನ್ 2ರಂದು ಏರ್ ಕೆನಡಾದ 797ನೇ ಯಾನದ ವಿಮಾನವು ಹಾರಾಟದಲ್ಲೇ ಬೆಂಕಿ ಹೊತ್ತಿಕೊಂಡು ಸಿನ್ಸಿನಾಟಿಯಲ್ಲಿ ಸುರಕ್ಷಿತವಾಗಿಯೇ ನೆಲಮುಟ್ಟಿತು. ಬಾಗಿಲುಗಳು ತೆರೆದ ಒಂದೂವರೆ ನಿಮಿಷದೊಳಗೆ ಒಳಾಂಗಣವೆಲ್ಲ ಜ್ವಾಲೆಗೆ ತುತ್ತಾಯಿತು. 46 ಮಂದಿಯಲ್ಲಿ 23 ಮಂದಿ ಹೊರಬರಲಿಲ್ಲ. ಆಸನದ ಸಂಶೋಧನೆ ಅದಕ್ಕೆ ಮೊದಲೇ ಬಹುಮಟ್ಟಿಗೆ ಮುಗಿದಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ನಿಯಮ ಹೊರಬಿದ್ದದ್ದು 1984ರ ಅಕ್ಟೋಬರ್ 26ರಂದು. ಬಳಕೆಯಲ್ಲಿದ್ದ ವಿಮಾನಗಳಿಗೆ 1987ರ ನವೆಂಬರ್‌ವರೆಗೆ ಕಾಲಾವಕಾಶ ದೊರೆಯಿತು.

ಪ್ರತಿಯೊಂದು ಮೆತ್ತೆಯ ವಿನ್ಯಾಸಕ್ಕೂ ಒಂದು ವಿಮಾನವನ್ನು ಸುಡುವುದು ಅಸಾಧ್ಯ. ಇಂಧನದ ಬೆಂಕಿಯನ್ನು ಪ್ರಯೋಗಶಾಲೆಯೊಳಗೆ ಪ್ರತಿನಿಧಿಸುವ ಒಂದು ಜ್ವಾಲೆ ಬೇಕಾಯಿತು. ಅದು ದೊರೆತದ್ದು ಚಳಿನಾಡಿನ ಮನೆಗಳನ್ನು ಬೆಚ್ಚಗಿಡುವ ಎಣ್ಣೆಯೊಲೆಯ ಬರ್ನರಿನಲ್ಲಿ. ಎಂಜಿನ್ ಭಾಗಗಳ ಪರೀಕ್ಷೆಯಲ್ಲಿ ಇದು ಆಗಲೇ ಬಳಕೆಯಲ್ಲಿತ್ತು. ಗಂಟೆಗೆ 2 ಗ್ಯಾಲನ್, ಅಂದರೆ ಸುಮಾರು 7.6 ಲೀಟರ್ ಸೀಮೆಎಣ್ಣೆಯನ್ನು 80 ಡಿಗ್ರಿ ಕೋನದ ನಾಜಲ್ ತುಂತುರಾಗಿ ಸಿಂಪಡಿಸುತ್ತದೆ, ಬೀಸಣಿಗೆ ಗಾಳಿಯೂಡುತ್ತದೆ, 6 ಅಂಗುಲ ಎತ್ತರ, 11 ಅಂಗುಲ ಅಗಲದ ಬಾಯಿಯುಳ್ಳ ಶಂಕುವಿನಿಂದ ಜ್ವಾಲೆ ಹೊರಡುತ್ತದೆ. ಕೂರುವ ಮೆತ್ತೆ, ಒರಗುವ ಮೆತ್ತೆಗಳನ್ನು ಆಸನದಂತೆಯೇ ಜೋಡಿಸಿ, 4 ಅಂಗುಲ ದೂರದಿಂದ ಎರಡು ನಿಮಿಷ ಈ ಜ್ವಾಲೆಗೆ ಒಡ್ಡಬೇಕು. ಸರಾಸರಿ ತೂಕನಷ್ಟ ಶೇ. 10ನ್ನು ಮೀರಬಾರದು. ಬಟ್ಟೆಯನ್ನೂ ಫೋಮನ್ನೂ ಬಿಡಿಬಿಡಿಯಾಗಿ ನೋಡುವುದನ್ನು ಬಿಟ್ಟು ಇಡೀ ಮೆತ್ತೆಯನ್ನು ತೂಗಿ ನಿರ್ಣಯಿಸಿದ್ದು ಈ ವಿಧಾನದ ನಿಜವಾದ ಹೊಸತನ.

ಅದರ ದೌರ್ಬಲ್ಯವೂ ಅದೇ ನಿಯಮದಲ್ಲಿ ಅಡಗಿತ್ತು. ಯಶಸ್ವಿಯಾಗಿ ಬಳಸಲಾದ ಬರ್ನರುಗಳೆಂದು ಲೆನಾಕ್ಸ್, ಕಾರ್ಲಿನ್, ಪಾರ್ಕ್ ಎಂಬ ಮೂರು ತಯಾರಿಕೆಗಳ ಮಾದರಿಗಳನ್ನು ಅದು ಹೆಸರಿಸಿತ್ತು. ಮನೆ ಬಿಸಿಮಾಡಲು ತಯಾರಾದ ಯಂತ್ರದಿಂದ ಅಳತೆಗೋಲಿನ ನಿಖರತೆಯನ್ನು ನಿರೀಕ್ಷಿಸಿದಂತಾಯಿತು. ಮೋಟಾರಿನ ವೇಗ ವ್ಯತ್ಯಾಸವಾದರೆ ಗಾಳಿಯ ಪ್ರಮಾಣವೂ ಬದಲಾಗುತ್ತದೆ. ಕೋಣೆಯ ಉಷ್ಣಾಂಶ ಬದಲಾದರೆ ಗಾಳಿಯ ಸಾಂದ್ರತೆ ಬದಲಾಗುತ್ತದೆ. ಥರ್ಮೋಕಪಲ್‌ಗಳು ನಿಗದಿತ ಉಷ್ಣಾಂಶವನ್ನೇ ತೋರಿದರೂ ಎರಡು ಪ್ರಯೋಗಶಾಲೆಗಳ ಫಲಿತಾಂಶ ಒಂದೇ ಆಗುತ್ತಿರಲಿಲ್ಲ. ಒಂದೆಡೆ ತೇರ್ಗಡೆಯಾದ ಮೆತ್ತೆ ಇನ್ನೊಂದೆಡೆ ಅನುತ್ತೀರ್ಣವಾಗುವುದಾದರೆ, ಅಳೆದದ್ದು ಮೆತ್ತೆಯನ್ನೋ ಬರ್ನರನ್ನೋ? ಇದರ ನಡುವೆ ರೂಢಿಯಲ್ಲಿದ್ದ ಪಾರ್ಕ್ ಬರ್ನರಿನ ತಯಾರಿಕೆಯೂ ನಿಂತುಹೋಯಿತು.

ಪರಿಹಾರ ಬಂದದ್ದು ಪಕ್ಕದ ಹಾದಿಯಿಂದ. ವಿಮಾನದ ಗೋಡೆಯ ಉಷ್ಣನಿರೋಧಕ ಹೊದಿಕೆಗಳ ಬಗ್ಗೆ 2003ರಲ್ಲಿ ಬಂದ ನಿಯಮಕ್ಕೂ ಇಂಥದೇ ಬರ್ನರ್ ಬೇಕಿತ್ತು. ಅದಕ್ಕಾಗಿ ತಾಂತ್ರಿಕ ಕೇಂದ್ರವು ರೂಪಿಸಿದ ‘ನೆಕ್ಸ್ಟ್‌ಜೆನ್’ ಬರ್ನರಿನಲ್ಲಿ ಮೋಟಾರೂ ಇಲ್ಲ, ಬೀಸಣಿಗೆಯೂ ಇಲ್ಲ. ಒತ್ತಡದ ಗಾಳಿಯನ್ನು ಕಿರಿದಾದ ಕಂಠವೊಂದರ ಮೂಲಕ ಹಾಯಿಸಲಾಗುತ್ತದೆ. ಹಿಂಬದಿಯ ಒತ್ತಡ ಮುಂಬದಿಯದರ ಸುಮಾರು ಎರಡುಪಟ್ಟಾದಾಗ ಕಂಠದಲ್ಲಿ ಗಾಳಿ ಶಬ್ದವೇಗವನ್ನು ಮುಟ್ಟುತ್ತದೆ. ಆಮೇಲೆ ಮುಂದಿನ ಏರುಪೇರುಗಳು ಹರಿವಿನ ಪ್ರಮಾಣವನ್ನು ಕದಲಿಸಲಾರವು. ಹಿಂಬದಿಯ ಒತ್ತಡ, ಉಷ್ಣಾಂಶಗಳನ್ನು ಕಾಯ್ದುಕೊಂಡರೆ ಸಾಕು. ಆದ್ದರಿಂದಲೇ ಗಾಳಿಯನ್ನೂ ಇಂಧನವನ್ನೂ ಮಂಜುನೀರಿನಿಂದ ತಂಪುಗೊಳಿಸಿ ಹಾಯಿಸುವ ಏರ್ಪಾಡು ಬಂತು. ಹೊದಿಕೆಗಳಿಗಾಗಿ ಹುಟ್ಟಿದ ಈ ವಿನ್ಯಾಸವನ್ನು ಮುಂದೆ ಆಸನದ ಮೆತ್ತೆಗೂ ಹೊಂದಿಸಲಾಯಿತು. ತಯಾರಕರ ಹೆಸರಿನ ಜಾಗಕ್ಕೆ ನಕ್ಷೆ ಬಂತು. ನಕ್ಷೆಯಿದ್ದಲ್ಲಿ ಯಾವ ಕಾರ್ಯಾಗಾರವಾದರೂ ಬರ್ನರನ್ನು ಕಟ್ಟಿಕೊಳ್ಳಬಹುದಾಯಿತು.

ಆದರೂ ಹಳೆಯ ಎಣ್ಣೆಯೊಲೆಯ ಅಂಶ ಪೂರ್ತಿ ಅಳಿಯಲಿಲ್ಲ. ನಾಜಲ್ ಮಾತ್ರ ಎಣ್ಣೆಯೊಲೆಗಳಿಗಾಗಿ ಮಾರುಕಟ್ಟೆಯಲ್ಲಿ ಸಿಗುವಂಥದೇ ಆಗಿ ಉಳಿಯಿತು. ಒಂದೇ ಗುರುತಿನ ಎರಡು ನಾಜಲ್‌ಗಳು ಒಂದೇ ಪ್ರಮಾಣದ ಎಣ್ಣೆಯನ್ನು ಬಿಡುತ್ತವೆಂಬ ಭರವಸೆಯಿಲ್ಲ. ಹಾಗಾಗಿ ಪರೀಕ್ಷಕರು ಅಳತೆಯ ಗಾಜಿನ ಕೊಳವೆಯಲ್ಲಿ ಎಣ್ಣೆಯನ್ನು ಹಿಡಿದು, ಗಡಿಯಾರ ನೋಡಿ, ಹರಿವು ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ.