ಮುಕ್ತ ಕಾರ್ಯಾಚರಣ ವ್ಯವಸ್ಥೆ: ಹೊಸಬರ ಆಯ್ಕೆ

ಕಂಪ್ಯೂಟರಿನ ಯಂತ್ರಭಾಗಗಳನ್ನೂ ನಾವು ಬಳಸುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿ ಹಂಚಬಹುದು ಎಂಬ ಪರವಾನಗಿ ಇದ್ದರೆ ಅದು ಮುಕ್ತ ವ್ಯವಸ್ಥೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಪುಕ್ಕಟೆ, ಸ್ವತಂತ್ರ ಎಂಬ ಎರಡೂ ಅರ್ಥ ಹೊತ್ತು ಗೊಂದಲ ಹುಟ್ಟಿಸಿದೆ. ಕನ್ನಡಕ್ಕೆ ಆ ತಾಪತ್ರಯವಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಇಲ್ಲಿ ಮುಖ್ಯವಾದದ್ದು ಎರಡನೆಯದು, ಮೊದಲನೆಯದು ಹೆಚ್ಚಾಗಿ ಅದರ ಜೊತೆಗೇ ಬರುತ್ತದೆ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ತಿರುಳನ್ನು (ಕರ್ನೆಲ್) ಬರೆದರು. ಎರಡೂ ಸೇರಿ ಪೂರ್ಣ ವ್ಯವಸ್ಥೆಯಾಯಿತು. ಅದನ್ನು ಬೇಕಾದ ತಂತ್ರಾಂಶಗಳೊಂದಿಗೆ ಕಟ್ಟಿ ಕೊಡುವ ಒಂದೊಂದು ರೂಪವನ್ನೂ ಡಿಸ್ಟ್ರೊ ಎನ್ನುತ್ತಾರೆ. ಡೆಬಿಯನ್ (1993) ಹಳೆಯದು. ಅದರಿಂದ ಉಬುಂಟು (2004), ಉಬುಂಟುವಿನಿಂದ ಲಿನಕ್ಸ್ ಮಿಂಟ್ (2006) ಹುಟ್ಟಿದವು. ಸಿ-ಡ್ಯಾಕ್ ರೂಪಿಸಿದ ಭಾರತದ ‘ಬಾಸ್’ ಕೂಡ ಡೆಬಿಯನ್ ಮನೆತನದ್ದೇ. ಡಿಸ್ಟ್ರೊಗಳು ನೂರಾರು ಇದ್ದರೂ ಹೊಸಬರು ತಲೆಕೆಡಿಸಿಕೊಳ್ಳಬೇಕಾದದ್ದು ಮೂರು ನಾಲ್ಕರ ಬಗ್ಗೆ ಮಾತ್ರ.

ದಕ್ಷಿಣ ಕನ್ನಡದ ಪುತ್ತೂರು ಪೇಟೆಯಿಂದ ಸುಳ್ಯದ ಕಡೆ ಹೊರಟರೆ ಸಿಗುವ ದರ್ಬೆಯಲ್ಲಿ 1958ರಿಂದ ಸಂತ ಫಿಲೋಮಿನಾ ಕಾಲೇಜಿದೆ. ಕಾಲೇಜು ಮಕ್ಕಳ ಕೈಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಅಡಿಕೆ ತೋಟದ ಮನೆಯ ಹಳೆ ಡೆಸ್ಕ್‌ಟಾಪು, ಟೈಪಿಂಗ್–ಜೆರಾಕ್ಸ್ ಅಂಗಡಿಯ ಯಂತ್ರ, ಮೂರರ ಮುಂದೆಯೂ ಈಗ ಮುಂದೇನು ಎಂಬ ಒಂದೇ ಪ್ರಶ್ನೆ ನಿಂತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಹೊಸ ಪೀಳಿಗೆಯ ಪ್ರೊಸೆಸರೂ ಇರಬೇಕು. ಕೆಲಸ ಮಾಡುತ್ತಿರುವ ಯಂತ್ರ ಹೀಗೆ ಕಾಗದದ ಮೇಲೆ ಮುದಿಯಾಗುತ್ತದೆ. ‘ಫಾರ್ಮ್ಯಾಟ್ ಮಾಡಿಸುವಾ’ ಎಂದು ಅಂಗಡಿಗೆ ಹೊರಡುವ ಮುಂಚೆ ಮುಕ್ತ ವ್ಯವಸ್ಥೆಯ ವಿಚಾರ ಬರುವುದು ಈ ಹೊತ್ತಿನಲ್ಲಿ.

ಯಂತ್ರದ ಶಕ್ತಿಯ ಲೆಕ್ಕ ಸುಲಭ. ನಾಲ್ಕು ಜಿಬಿ ರ‍್ಯಾಮ್‌ಗಿಂತ ಹೆಚ್ಚಿದ್ದು ಎಸ್‌ಎಸ್‌ಡಿಯೂ ಇದ್ದರೆ ಉಬುಂಟು 24.04 ಅಥವಾ ಮಿಂಟ್ 22ರ ಸಿನಮನ್ ರೂಪ ಸಲೀಸಾಗಿ ಓಡುತ್ತದೆ; ಎರಡಕ್ಕೂ 2029ರವರೆಗೆ ಬೆಂಬಲವಿದೆ. ಎರಡರಿಂದ ನಾಲ್ಕು ಜಿಬಿ ಆದರೆ ಮಿಂಟಿನ ಎಕ್ಸ್‌ಎಫ್‌ಸಿಇ ರೂಪ ಹಗುರ. 32 ಬಿಟ್ಟಿನ ಹಳೇ ಪ್ರೊಸೆಸರ್ ಆಗಿದ್ದರೆ ದಾರಿ ಕಿರಿದು: ಉಬುಂಟು ಅದನ್ನು 2019ರಲ್ಲೇ ಕೈಬಿಟ್ಟಿತು, 2025ರ ಡೆಬಿಯನ್ 13ರಲ್ಲೂ ಅದಕ್ಕೆ ಇನ್‌ಸ್ಟಾಲರ್ ಇಲ್ಲ. ಅಂಥದ್ದಕ್ಕೆ ಡೆಬಿಯನ್ 12 ಹಾಕಿ ಕೆಲವು ಕಾಲ ದೂಡಬಹುದು.

ಆದರೆ ನಮ್ಮಲ್ಲಿ ಹೊಸಬರು ಹಿಂದೆ ಸರಿಯುವುದು ರ‍್ಯಾಮಿನಿಂದಲ್ಲ, ಕನ್ನಡದಿಂದ. ಕನ್ನಡ ಮೂಡುವುದಕ್ಕೆ ಈಗ ತೊಂದರೆಯಿಲ್ಲ. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡವಿದೆ. ಲೋಹಿತ್, ನೋಟೊ, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರವಿನ್ಯಾಸಗಳು ಡೆಬಿಯನ್–ಉಬುಂಟುಗಳಲ್ಲಿ ಸಿಗುತ್ತವೆ. ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲ ಹೋಯಿತು. ತೊಡಕಿರುವುದು ಬೆರಳಿನ ಅಭ್ಯಾಸದಲ್ಲಿ. ಕರ್ನಾಟಕದ ಟೈಪಿಸ್ಟರ ಕೈಗೆ ಕುಳಿತಿರುವುದು ನುಡಿ ತಂತ್ರಾಂಶದ ಕೀಲಿಮಣೆ, ಅಂದರೆ ಕೆ.ಪಿ. ರಾವ್ ವಿನ್ಯಾಸ. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತುವ ಆ ಕ್ರಮವನ್ನು ರೂಪಿಸಿದವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್. ತಾವು ಮಾಡಿ ಉಚಿತವಾಗಿ ಹಂಚಿದ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ಪುತ್ತೂರು ಕಡೆಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು. ಕೊಟ್ಟು ಹಂಚುವ ತಂತ್ರಾಂಶದ ಬುದ್ಧಿ ಈ ಊರಿಗೆ ಹೊರಗಿನಿಂದಲೇ ಬರಬೇಕಾಗಿರಲಿಲ್ಲ ಎನ್ನಲು ಇದೊಂದು ಸಾಕ್ಷಿ ಸಾಕು.

ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ಆದರೆ ಅದರ ಕೀಲಿಮಣೆ ಲಿನಕ್ಸಿನಲ್ಲೂ ಇದೆ. ಐಬಸ್ ಎಂಬ ಬರವಣಿಗೆ ಸಲಕರಣೆಗೆ ಎಂ17ಎನ್ ಪೊಟ್ಟಣ ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಕಾಣುತ್ತವೆ. ನುಡಿಯವರಿಗೆ ಅದೇ ವಿನ್ಯಾಸದ ಕಗಪ, ಬರಹ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರ ಹೊಡೆದು ಕನ್ನಡ ತರಿಸಿ ರೂಢಿಯಾದವರಿಗೆ ಐಟ್ರಾನ್ಸ್ ಹತ್ತಿರ. ಉಬುಂಟುವಿನಲ್ಲಿ ಐಬಸ್ ಮೊದಲೇ ಸೇರಿಕೊಂಡಿರುತ್ತದೆ, ಮಿಂಟ್ ಎಕ್ಸ್‌ಎಫ್‌ಸಿಇಯಲ್ಲಿ ಅದನ್ನು ಬೇರೆಯಾಗಿ ಹಾಕಿ ಚಾಲೂ ಮಾಡಬೇಕು. ಹಾಗಾಗಿ ದಿನಕ್ಕೆ ಹತ್ತು ಪುಟ ಕನ್ನಡ ಹೊಡೆಯುವವರಿಗೆ, ಯಂತ್ರ ತಾಳುವುದಾದರೆ, ಉಬುಂಟುವೇ ವಾಸಿ. ವಿಂಡೋಸಿನಂತೆಯೇ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು ಕಂಡರೆ ಮಾತ್ರ ಧೈರ್ಯ ಎನ್ನುವವರಿಗೆ ಮಿಂಟ್.

ಇದಕ್ಕಿಂತ ಜಟಿಲವಾದದ್ದು ಹಳೆಯ ಕಡತಗಳು. ಯೂನಿಕೋಡಿಗೆ ಮುಂಚಿನ ನುಡಿ, ಬರಹ, ಶ್ರೀಲಿಪಿಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮದುವೆ ಕಾಗದವೂ ಒಂದೇ, ದೇವಸ್ಥಾನದ ಜೀರ್ಣೋದ್ಧಾರದ ಮನವಿಯೂ ಒಂದೇ, ಬರೇ ಕಲಸುಮೇಲೋಗರ. ಫಾಂಟ್ ಫೈಲನ್ನು ಹಳೇ ಯಂತ್ರದಿಂದ ತಂದು ಹಾಕಿದರೆ ಓದಲು ಬರುತ್ತದೆ. ಹುಡುಕಲು, ತಿದ್ದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ನುಡಿ ಮತ್ತು ಬರಹದ ಕಡತಗಳಿಗೆ ಕನ್ನಡಿಗರೇ ಬರೆದ ಮುಕ್ತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತನ್ನೂ ಅಂಕಿಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡುವುದು ಕ್ಷೇಮ. ಪೇಜ್‌ಮೇಕರಿನಲ್ಲೇ ಆಮಂತ್ರಣ ಕೂರಿಸುವ ಡಿಟಿಪಿಯವರಿಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಗೆ ಲಿನಕ್ಸ್ ಒಂದನ್ನೇ ಹಾಕಿ ಎಂದು ಹೇಳುವುದು ಪ್ರಾಮಾಣಿಕ ಸಲಹೆಯಲ್ಲ. ಎರಡೂ ವಿಂಡೋಸಿಗೆ ಅಂಟಿಕೊಂಡವು. ಪ್ರಿಂಟರನ್ನೂ ಮೊದಲೇ ನೋಡಿಕೊಳ್ಳಬೇಕು. ಎಚ್‌ಪಿಯ ಹೆಚ್ಚಿನವು ಹಾಕಿದ ಕೂಡಲೇ ನಡೆಯುತ್ತವೆ. ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಕಂಪನಿಯದೇ ಗುಪ್ತಭಾಷೆಯಲ್ಲಿ ಮಾತಾಡುವುದರಿಂದ ಹೊಸಬರ ತಾಳ್ಮೆ ಪರೀಕ್ಷಿಸುತ್ತದೆ.

ಲಿನಕ್ಸ್ ಎಂದರೆ ಇಂಜಿನಿಯರುಗಳ ಆಟಿಕೆ ಎಂಬ ಮಾತು ಇಂದಿಗೂ ಕೇಳುತ್ತದೆ. ಅದಕ್ಕೆ ಉತ್ತರ ದರ್ಬೆಯಿಂದ ಬಹಳ ದೂರವೇನಿಲ್ಲ. ಪಾಣಾಜೆಯ ಆರ್ಲಪದವು ದಾಟಿದರೆ ಸ್ವರ್ಗ ಎಂಬ ಊರು, ಅಲ್ಲಿಂದ ಕಾಸರಗೋಡು ಜಿಲ್ಲೆ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಗ್ನೂ/ಲಿನಕ್ಸಿಗೆ ಒಯ್ದಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಉಬುಂಟುವನ್ನು ಶಾಲೆಗೆ ಹೊಂದಿಸಿ ತಮ್ಮದೇ ಡಿಸ್ಟ್ರೊ ಮಾಡಿಕೊಳ್ಳುತ್ತಾರೆ, 18.04 ಆಧಾರಿತ ಆವೃತ್ತಿ 2019ರಲ್ಲಿ ಬಂತು. ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪಠ್ಯಪುಸ್ತಕ ಓದಿ, ಇದೇ ವ್ಯವಸ್ಥೆಯಲ್ಲಿ ಪಾಠ ಕಲಿತು ಎಸ್‌ಎಸ್‌ಎಲ್‌ಸಿಯ ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಕರ್ನಾಟಕದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಶಿಕ್ಷಕರಿಗೆ ಉಬುಂಟು ಕಲಿಸಿದ್ದುಂಟು, ಆದರೆ ಪ್ರತಿ ಶಾಲೆಗೂ ಅದೇ ಎಂಬಲ್ಲಿಗೆ ಅದು ಬೆಳೆಯಲಿಲ್ಲ. ಫಲವಾಗಿ ಗಡಿಯಾಚೆಯ ಪೆರ್ಲದಲ್ಲೋ ಬದಿಯಡ್ಕದಲ್ಲೋ ಓದಿ ಪುತ್ತೂರಿನ ಕಾಲೇಜಿಗೆ ಬರುವ ಹುಡುಗಿಗೆ ಲಿನಕ್ಸ್ ಮಾಮೂಲು, ಪಕ್ಕದ ಬೆಂಚಿನವಳಿಗೆ ಹೊಸತು. ತರಗತಿಯಲ್ಲಿ ಅಂಥವರೊಬ್ಬರಿದ್ದರೆ ಅವರು ಬಲ್ಲ ಡಿಸ್ಟ್ರೊವನ್ನೇ ಹಾಕಿಕೊಳ್ಳುವುದು ಜಾಣತನ. ಸಿಕ್ಕಿಬಿದ್ದಾಗ ಕೇಳಲು ಜನ ಇರುವುದು ಡಿಸ್ಟ್ರೊದ ಎಲ್ಲ ಗುಣಗಳಿಗಿಂತ ದೊಡ್ಡ ಗುಣ.

ಮೊದಲು ಹಾಕಿ ನೋಡುವುದು ಬೇಡ, ನೋಡಿ ಹಾಕಬಹುದು. 8 ಜಿಬಿಯ ಪೆನ್‌ಡ್ರೈವಿಗೆ ಐಎಸ್‌ಒ ಕಡತವನ್ನು ವೆಂಟಾಯ್ ಅಥವಾ ರೂಫಸ್ ಮೂಲಕ ಬರೆದು ಅದರಿಂದಲೇ ಯಂತ್ರ ಎಬ್ಬಿಸಿದರೆ ಒಳಗಿನ ಡಿಸ್ಕಿಗೆ ಕೈ ಹಾಕದೆ ಎಲ್ಲವನ್ನೂ ಪರೀಕ್ಷಿಸಬಹುದು: ವೈಫೈ, ಸದ್ದು, ಪ್ರಿಂಟರ್. ಒಂದು ಕಾಲದಲ್ಲಿ ಉಬುಂಟುವಿನವರು ಕೇಳಿದವರಿಗೆ ಸಿಡಿಯನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರಲ್ಲಿ ಅದು ನಿಂತಿತು. ಈಗ ಹಲವು ಜಿಬಿಯ ಕಡತ ಇಳಿಸಬೇಕು, ಮಳೆಗಾಲದಲ್ಲಿ ನೆಟ್ಟೂ ಕರೆಂಟೂ ಕಣ್ಣಾಮುಚ್ಚಾಲೆ ಆಡುವ ಒಳನಾಡಿನವರಿಗೆ ಗೆಳೆಯರ ಪೆನ್‌ಡ್ರೈವೇ ಅಂಚೆ. ಹಾಗೆ ಕೊಡುವುದೂ ತೆಗೆದುಕೊಳ್ಳುವುದೂ ಇಲ್ಲಿ ಕಾನೂನುಬದ್ಧ. ಡಿಸ್ಕಿಗೆ ಹಾಕುವ ಹೊತ್ತಿಗೆ ಫೋಟೊ, ಕಡತಗಳ ನಕಲು ಬೇರೆ ಕಡೆ ಇರಲೇಬೇಕು. ‘ಇಡೀ ಡಿಸ್ಕನ್ನು ಅಳಿಸಿ’ ಎಂಬ ಆಯ್ಕೆ ಹೇಳಿದ್ದನ್ನೇ ಮಾಡುತ್ತದೆ. ಸಿಡಿಲು ಹೊಡೆಯುವ ಸಂಜೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಕೆಲಸಕ್ಕೆ ಕೂರಬಾರದು.

ಭಾಷೆಯ ಪಟ್ಟಿ ಬಂದಾಗ ಮೆನುಗಳಿಗೆ ಕನ್ನಡ ಆರಿಸಿಕೊಳ್ಳಬಹುದು; ಅನುವಾದ ಅಲ್ಲಲ್ಲಿ ಅರ್ಧಕ್ಕೆ ನಿಂತು ಇಂಗ್ಲಿಷ್ ಇಣುಕುತ್ತದೆ. ತುಳುವಿಗೂ ಒಂದು ಮೂಲೆ ಇದೆ. ದಿನಾಂಕ, ಅಂಕಿ, ಹಣದ ನಮೂನೆಗಳನ್ನು ತಿಳಿಸುವ ಲೊಕೇಲ್ ಕಡತಗಳಲ್ಲಿ, ಕನ್ನಡದ ಕೆಎನ್ ಸಾಲಿನಂತೆಯೇ, ಟಿಸಿವೈ ಎಂಬ ಗುರುತಿನಲ್ಲಿ ತುಳು ಕುಳಿತಿದೆ.