ನುಂಗುವ ಗೊಂಬೆ, ಸಿಡಿಯುವ ಗೊಂಬೆ

ಮೂವತ್ತು ವರ್ಷದಿಂದ ಗೊಂಬೆ ಆಡಿಸುತ್ತಿದ್ದೇನೆ. ನಮ್ಮನ್ನು ಕರೆಯುವುದು ಮಕ್ಕಳ ದಿನಾಚರಣೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ. ಟಿವಿ ಗೊಂಬೆಗಳ ಬಗ್ಗೆಯೂ ಜನ ಹಾಗೆಯೇ ನಂಬಿದ್ದಾರೆ: ಅದು ಎಳೆಯರ ಲೋಕ, ಆಮೇಲೆ ಯಾರೋ ಅದರಲ್ಲಿ ಪೋಲಿತನ ಬೆರೆಸಿದರು ಎಂದು. ಚರಿತ್ರೆ ಹಾಗೆ ಹೇಳುವುದಿಲ್ಲ.

1946ರಲ್ಲಿ ಬಿಬಿಸಿಯ ಮಫಿನ್ ಎಂಬ ಹೇಸರಗತ್ತೆ ಗೊಂಬೆ ಪಿಯಾನೊ ಮೇಲೆ ಕುಣಿಯಿತು. ಮರುವರ್ಷ ಶಿಕಾಗೊದಲ್ಲಿ ಬರ್ ಟಿಲ್‌ಸ್ಟ್ರಮ್ ಅವರ ಕುಕ್ಲಾ ಮತ್ತು ಆಲಿ ಗೊಂಬೆಗಳು ಬಂದವು. ಎರಡೂ ಚೆಂದವೇ. ಆದರೆ ರಂಗದ ಆಟವನ್ನೇ ಕ್ಯಾಮೆರಾ ಮುಂದೆ ಆಡಿದಂತಿತ್ತು.

1955ರಲ್ಲಿ ವಾಷಿಂಗ್ಟನ್ನಿನ ಸ್ಥಳೀಯ ಚಾನೆಲ್ಲಿನಲ್ಲಿ ಗೊಂಬೆಯಾಟಗಾರ ಜಿಮ್ ಹೆನ್ಸನ್ ಐದು ನಿಮಿಷದ 'ಸ್ಯಾಮ್ ಆ್ಯಂಡ್ ಫ್ರೆಂಡ್ಸ್' ಶುರು ಮಾಡಿದರು. ಗೊಂಬೆಯಾಟದ ಪುಟ್ಟ ರಂಗಮಂಟಪವನ್ನು ತೆಗೆದುಹಾಕಿ ಟಿವಿಯ ಚೌಕಟ್ಟನ್ನೇ ರಂಗ ಮಾಡಿಕೊಂಡರು. ಆಡಿಸುವವರು ಕೈಯನ್ನು ತಲೆಯ ಮೇಲೆತ್ತಿ, ಕಣ್ಣನ್ನು ಮಾನಿಟರಿನಲ್ಲಿ ನೆಟ್ಟು ನಿಲ್ಲಬೇಕು. ಹತ್ತು ನಿಮಿಷ ಹಾಗೆ ನಿಂತರೆ ಭುಜ ಸೇದುತ್ತದೆ. ಹೆನ್ಸನ್ ಅವರ ಅಮ್ಮನ ಹಳೆಯ ಕೋಟು, ಎರಡು ಹೋಳಾದ ಪಿಂಗ್‌ಪಾಂಗ್ ಚೆಂಡು, ಇಷ್ಟರಲ್ಲೇ ಅವರ ಹೆಸರಾಂತ ಗೊಂಬೆ ಕರ್ಮಿಟ್ ಹುಟ್ಟಿದ್ದು. ಆಗಿನ್ನೂ ಅವನು ಕಪ್ಪೆಯಲ್ಲ. ಒಂದು ಆಟದಲ್ಲಿ ವಿಗ್ ತೊಟ್ಟ ಕರ್ಮಿಟ್ ಪಕ್ಕದ ಮುಖವೊಂದಕ್ಕೆ ಪ್ರೇಮಗೀತೆ ಹಾಡುತ್ತಾನೆ. ಆ ಮುಖ ಮೆಲ್ಲಗೆ ತನ್ನ ಮುಸುಕನ್ನೇ ಜಗಿದು ನುಂಗುತ್ತದೆ. ಒಳಗಿರುವುದು ಬುರುಡೆ, ಮುಂದಿನ ತುತ್ತು ಕರ್ಮಿಟ್.

1957ರಿಂದ ಹೆನ್ಸನ್ ಗೊಂಬೆಗಳ ವಿಲ್ಕಿನ್ಸ್ ಕಾಫಿ ಜಾಹೀರಾತುಗಳು ಬಂದವು. ಒಬ್ಬ ಕಾಫಿ ಕುಡಿ ಅನ್ನುತ್ತಾನೆ, ಇನ್ನೊಬ್ಬ ಒಲ್ಲೆ ಅನ್ನುತ್ತಾನೆ, ಫಿರಂಗಿ ಸಿಡಿಯುತ್ತದೆ. ಆಮೇಲೆ ಫಿರಂಗಿಯ ಬಾಯಿ ನಮ್ಮ ಕಡೆಗೇ ತಿರುಗುತ್ತದೆ. ಎಂಟೇ ಸೆಕೆಂಡು! ಮನುಷ್ಯರು ಆಡಿದರೆ ಇದು ಬರೀ ಕೊಲೆ. ಬಟ್ಟೆಯ ಜೀವಕ್ಕೆ ನೋವಿಲ್ಲ ಎಂದು ಗೊತ್ತಿರುವುದರಿಂದಲೇ ನಗುತ್ತೇವೆ, ಒಳಗೊಳಗೇ ಬೆಚ್ಚುತ್ತೇವೆ. ನಮ್ಮ ಕಲೆಯ ಬೇರು ಇರುವುದು ಇಲ್ಲೇ.

1969ರ ಮಕ್ಕಳ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಹೆನ್ಸನ್ ಗೊಂಬೆಗಳಿಗೆ 'ಮಕ್ಕಳದು' ಎಂಬ ಹಣೆಪಟ್ಟಿ ಅಂಟಿದ್ದೂ ಆಗಲೇ. ಅದನ್ನು ಕಿತ್ತುಹಾಕಲು ಹೆನ್ಸನ್ ಹೆಣಗಿದರು. 1975ರ ಒಂದು ಪ್ರಾಯೋಗಿಕ ಕಾರ್ಯಕ್ರಮಕ್ಕೆ 'ಸೆಕ್ಸ್ ಆ್ಯಂಡ್ ವಯಲೆನ್ಸ್' ಎಂದೇ ಹೆಸರಿಟ್ಟರು. ಅದೇ ವರ್ಷ 'ಸ್ಯಾಟರ್‌ಡೇ ನೈಟ್ ಲೈವ್' ಹಾಸ್ಯ ಕಾರ್ಯಕ್ರಮಕ್ಕೆ ಗಾರ್ಚ್ ಎಂಬ ಕಲ್ಪಿತ ನಾಡಿನ ಕುಡುಕ, ಕಾಮುಕ ಪ್ರಾಣಿಗಳನ್ನು ತಂದರು. ಅಲ್ಲಿನ ಬರಹಗಾರರಿಗೆ ಗೊಂಬೆಗಳು ಬೇಡವಾಗಿದ್ದವು, ಆಟ ಸೋತಿತು. ಅಮೆರಿಕದ ಚಾನೆಲ್‌ಗಳು ಒಲ್ಲೆ ಎಂದ ಹೆನ್ಸನ್ ಅವರ 'ಮಪೆಟ್ ಶೋ'ಗೆ ದುಡ್ಡು ಹಾಕಿದ್ದು ಇಂಗ್ಲೆಂಡಿನ ಟಿವಿ ದೊರೆ ಲೂ ಗ್ರೇಡ್: 1976ರಿಂದ 1981, 120 ಕಂತು.

ಅದೇ ಇಂಗ್ಲೆಂಡಿನಲ್ಲಿ 1984ರಿಂದ 1996ರವರೆಗೆ 'ಸ್ಪಿಟಿಂಗ್ ಇಮೇಜ್' ನಡೆಯಿತು. ಪೀಟರ್ ಫ್ಲಕ್, ರೋಜರ್ ಲಾ ಮಾಡಿದ ರಬ್ಬರ್ ಮುಖಗಳಲ್ಲಿ ಪ್ರಧಾನಿ ಥ್ಯಾಚರ್ ಗಂಡಸರ ಸೂಟು ತೊಟ್ಟು ಮಂತ್ರಿಗಳನ್ನು ಗದರಿಸುತ್ತಿದ್ದರು. ಇದಕ್ಕಿಂತ ಖಾರದ ರಾಜಕೀಯ ವಿಡಂಬನೆಯನ್ನು ನಾನು ಟಿವಿಯಲ್ಲಿ ಕಂಡಿಲ್ಲ.

ಹಿಂದಿಯಲ್ಲಿ ಎನ್‌ಡಿಟಿವಿಯ 'ಗುಸ್ತಾಖಿ ಮಾಫ್' ಈ ದಾರಿಯಲ್ಲಿ ನಡೆಯಿತು. ಕನ್ನಡದ ಮಾತು? ತೊಗಲುಗೊಂಬೆಯಾಟದಲ್ಲಿ ರಾಮಾಯಣದ ನಡುವೆ ನುಗ್ಗಿ ಪೋಲಿ ಮಾತಾಡುವ ಕಿಳ್ಳೇಕ್ಯಾತ, ಬಂಗಾರಕ್ಕ ನಮ್ಮವರೇ. ಊರಿನ ದೊಡ್ಡವರು ಬೆಳಗಾಗುವವರೆಗೂ ಕೂತು ನಗುತ್ತಿದ್ದುದು ಅವರನ್ನು ನೋಡಿಯೇ. ಆಟಕ್ಕೆ ಕರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಒಂದು ಸಲ ರಾತ್ರಿ ಊಟದ ಮೇಲೆ, ದೊಡ್ಡವರಿಗೆಂದೇ ಆಟ ಇಡಿಸಿ.